12ಎಯು7 – 6080 ಹೆಡ್‌ಫೋನ್ ಆಂಪ್: ಬಲಗಡೆ ಸದ್ದು ಕಡಿಮೆ, ಎರಡೂ ಕಡೆ ಹಮ್. ಎಲ್ಲಿಂದ ಹುಡುಕಲಿ?

ಗ್ರಿಡ್‌ಲೀಕ್:

ನಮಸ್ಕಾರ. 12ಎಯು7, 6080 ಎಂಬ ಎರಡು ವಾಲ್ವ್ (ನಿರ್ವಾತ ಟ್ಯೂಬ್) ಬಳಸಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಹೆಡ್‌ಫೋನ್ ಆಂಪ್ ಕಟ್ಟಿದ್ದೇನೆ. ಪಿಸಿಬಿ ಇಲ್ಲ, ಎಲ್ಲ ಟ್ಯಾಗ್ ಸ್ಟ್ರಿಪ್ ಮೇಲೆ. ಅಲ್ಯೂಮಿನಿಯಂ ಚಾಸಿ, ಮೂರು ಪಿನ್ನಿನ ಪ್ಲಗ್, ಅರ್ಥ್ ತಂತಿ ಚಾಸಿಗೆ ಬೋಲ್ಟ್ ಹಾಕಿದೆ.

ಸರ್ಕ್ಯೂಟ್ ಹೀಗಿದೆ. 50 ಕೆ (ಕಿಲೋಓಮ್) ಲಾಗ್ ಪಾಟ್ ವಾಲ್ಯೂಮಿಗೆ, ಅಲ್ಲಿಂದ ನೇರ 12ಎಯು7 ಗ್ರಿಡ್‌ಗೆ. ಪ್ಲೇಟ್ ರೆಸಿಸ್ಟರ್ 22 ಕೆ, ಕ್ಯಾಥೋಡ್ ರೆಸಿಸ್ಟರ್ 470 ಓಮ್, ಅದಕ್ಕೆ ಬೈಪಾಸ್ ಕೆಪಾಸಿಟರ್ ಇಲ್ಲ. 12ಎಯು7 ಪ್ಲೇಟಿನಿಂದ ನೇರವಾಗಿ 6080 ಗ್ರಿಡ್‌ಗೆ, ನಡುವೆ ಕೆಪಾಸಿಟರ್ ಇಲ್ಲ. 6080 ಕ್ಯಾಥೋಡ್ ಫಾಲೋವರ್ (ಔಟ್‌ಪುಟ್ ಕ್ಯಾಥೋಡಿನಿಂದ ತೆಗೆಯುವ ಸ್ಟೇಜ್), ಕ್ಯಾಥೋಡಿಗೆ 3 ಕೆ 10 ವ್ಯಾಟ್ ಸಿಮೆಂಟ್ ರೆಸಿಸ್ಟರ್, ಅಲ್ಲಿಂದ 100 ಎಂಎಫ್‌ಡಿ (ಮೈಕ್ರೋಫ್ಯಾರಡ್) ಕೆಪಾಸಿಟರ್ ಮೂಲಕ ಹೆಡ್‌ಫೋನ್ ಜಾಕ್. ಎರಡು ವಾಲ್ವ್‌ನಲ್ಲೂ ಒಂದರ್ಧ ಎಡಕ್ಕೆ, ಒಂದರ್ಧ ಬಲಕ್ಕೆ.

ಪವರ್ ಸಪ್ಲೈ: 150 ವೋಲ್ಟ್ 200 ಮಿಲಿಆಂಪ್ ಸೆಕೆಂಡರಿ, ಯುಎಫ್4007 ನಾಲ್ಕರ ಬ್ರಿಡ್ಜ್, 220 ಎಂಎಫ್‌ಡಿ, 180 ಓಮ್, 220 ಎಂಎಫ್‌ಡಿ, 180 ಓಮ್, 220 ಎಂಎಫ್‌ಡಿ. ಕೆಪಾಸಿಟರ್ ಎಲ್ಲ 350 ವೋಲ್ಟಿನವು. ಹೀಟರ್‌ಗೆ 6.3 ವೋಲ್ಟ್ 3 ಆಂಪ್ ವೈಂಡಿಂಗ್. ಅದರ ಎರಡು ತಂತಿ ನೇರ ವಾಲ್ವ್‌ಗೆ ಹೋಗಿವೆ, ಬೇರೆಲ್ಲಿಗೂ ಕನೆಕ್ಷನ್ ಇಲ್ಲ.

ಅಳತೆಗಳು, ಎಲ್ಲ ಗ್ರೌಂಡ್‌ಗೆ ಹೋಲಿಸಿ, ಆನ್ ಮಾಡಿ ಹತ್ತು ನಿಮಿಷದ ನಂತರ:
ಬಿ ಪ್ಲಸ್ (ವಾಲ್ವ್‌ಗಳಿಗೆ ಹೋಗುವ ಮುಖ್ಯ ಡಿಸಿ ಸಪ್ಲೈ) 171 ವೋಲ್ಟ್.
ಎಡ: 12ಎಯು7 ಪ್ಲೇಟ್ 85, ಕ್ಯಾಥೋಡ್ 1.85, 6080 ಕ್ಯಾಥೋಡ್ 103.
ಬಲ: 12ಎಯು7 ಪ್ಲೇಟ್ 140, ಕ್ಯಾಥೋಡ್ 6.0, 6080 ಕ್ಯಾಥೋಡ್ 138.

ತೊಂದರೆ ಎರಡು. ಬಲಗಡೆ ಸದ್ದು ತುಂಬ ಕಡಿಮೆ, ಸ್ವಲ್ಪ ಏರಿಸಿದರೂ ಒಡೆದು ಕೇಳುತ್ತದೆ. ಆ ಕಡೆಯ ಸಿಮೆಂಟ್ ರೆಸಿಸ್ಟರ್ ಎಡಗಡೆಯದಕ್ಕಿಂತ ಬಹಳ ಬಿಸಿ. ಇನ್ನೊಂದು, ಎರಡೂ ಕಡೆ ಗುಂಯ್ ಎನ್ನುವ ಹಮ್. ವಾಲ್ಯೂಮ್ ಏರಿಸಿದರೂ ಇಳಿಸಿದರೂ ಅದು ಬದಲಾಗುವುದಿಲ್ಲ. ಜಾಕಿಗೆ 330 ಓಮ್ ರೆಸಿಸ್ಟರ್ ಹಾಕಿ, ಪಾಟ್ ಪೂರ್ತಿ ಇಳಿಸಿ ಅಳೆದರೆ 9 ಮಿಲಿವೋಲ್ಟ್ ಎಸಿ. ಹೆಡ್‌ಫೋನ್ 300 ಓಮಿನ ಸೆನ್‌ಹೈಸರ್ ಎಚ್‌ಡಿ 600. 6080 ಹಳೇ ಸ್ಟಾಕಿನದು, ಒಂದರ್ಧ ಸತ್ತಿರಬಹುದೇ? ಹೊಸದು ತರಿಸುವ ಮೊದಲು ಕೇಳೋಣ ಅನ್ನಿಸಿತು.

ಓಮ್‌ಲೆಕ್ಕ:

6080 ತರಿಸಬೇಡಿ, ಅದು ಚೆನ್ನಾಗಿದೆ. ನೀವು ಕೊಟ್ಟ ವೋಲ್ಟೇಜ್‌ಗಳಲ್ಲೇ ಉತ್ತರ ಇದೆ.

ಬಲಗಡೆ ಪ್ಲೇಟ್ ರೆಸಿಸ್ಟರ್ ಮೇಲೆ ಬೀಳುವ ವೋಲ್ಟೇಜ್ 171 ಕಳೆ 140, ಅಂದರೆ 31. ಅದನ್ನು 22 ಕೆಯಿಂದ ಭಾಗಿಸಿದರೆ 1.4 ಮಿಲಿಆಂಪ್. ಎಡಗಡೆ ಇದೇ ಲೆಕ್ಕ 86 ಭಾಗಿಸು 22 ಕೆ, 3.9 ಮಿಲಿಆಂಪ್. ಈಗ ಕ್ಯಾಥೋಡ್ ನೋಡಿ. ಎಡಗಡೆ 1.85 ವೋಲ್ಟನ್ನು 3.9 ಮಿಲಿಆಂಪಿನಿಂದ ಭಾಗಿಸಿದರೆ 474 ಓಮ್, ಸರಿಯಾಗಿದೆ. ಬಲಗಡೆ 6.0 ಭಾಗಿಸು 1.4 ಮಿಲಿಆಂಪ್ ಎಂದರೆ 4.3 ಕೆ. ಅಲ್ಲಿ ಕೂತಿರುವುದು 470 ಓಮ್ ಅಲ್ಲ, 4.7 ಕೆ. ಲೆಕ್ಕದಲ್ಲಿ 4.3 ಬಂದದ್ದಕ್ಕೂ ಕಾರಣ ಇದೆ: 22 ಕೆ ಮೂಲಕ ಹರಿಯುವ ಕರೆಂಟಿನಲ್ಲಿ ಸ್ವಲ್ಪ ಭಾಗ 12ಎಯು7ಗೆ ಹೋಗದೆ 6080ನ ಗ್ರಿಡ್ ಒಳಗೆ ಹೋಗುತ್ತಿದೆ. ಬಲಗಡೆ 6080 ಗ್ರಿಡ್ 140, ಕ್ಯಾಥೋಡ್ 138. ಗ್ರಿಡ್ ಕ್ಯಾಥೋಡಿಗಿಂತ ಮೇಲಿದೆ! ಅದು 18–20 ವೋಲ್ಟ್ ಕೆಳಗಿರಬೇಕು, ಎಡಗಡೆ ಇರುವ ಹಾಗೆ. ಗ್ರಿಡ್ ಕರೆಂಟ್ ಎಳೆಯುತ್ತಿರುವಾಗ ಸಿಗ್ನಲ್ಲಿನ ಮೇಲಿನ ಅರ್ಧ ಕತ್ತರಿಸಿಹೋಗುತ್ತದೆ. ನಿಮಗೆ ಒಡೆದು ಕೇಳುವುದು ಅದೇ.

ಸದ್ದು ಏಕೆ ಕಡಿಮೆ? ಬೈಪಾಸ್ ಇಲ್ಲದ ಕ್ಯಾಥೋಡ್ ರೆಸಿಸ್ಟರ್ ದೊಡ್ಡದಾದಷ್ಟೂ ಗೇನ್ ಇಳಿಯುತ್ತದೆ. ನಿಮ್ಮ ಮೌಲ್ಯಗಳಲ್ಲಿ 470 ಓಮಿಗೆ ಆ ಸ್ಟೇಜಿನ ಗೇನ್ ಸುಮಾರು 10.6, 4.7 ಕೆಗೆ ಸುಮಾರು 3.3. ಹತ್ತು ಡಿಬಿ ವ್ಯತ್ಯಾಸ. ಸಿಮೆಂಟ್ ರೆಸಿಸ್ಟರಿನ ಬಿಸಿಯೂ ಇದಕ್ಕೇ ಸೇರಿದ್ದು: ಎಡಗಡೆ 103ರ ವರ್ಗವನ್ನು 3000ದಿಂದ ಭಾಗಿಸಿದರೆ 3.5 ವ್ಯಾಟ್, ಬಲಗಡೆ 6.3 ವ್ಯಾಟ್. ಬಿ ಪ್ಲಸ್ ಕೂಡ ಮೂರ್ನಾಲ್ಕು ವೋಲ್ಟ್ ಕೆಳಗೆ ಎಳೆದುಕೊಂಡಿದೆ, ಬಲಗಡೆ 46 ಮಿಲಿಆಂಪ್ ಕುಡಿಯುತ್ತಿರುವುದರಿಂದ.

ನೀಲಿ ಮೈಯ ಒಂದು ಪರ್ಸೆಂಟ್ ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿದ್ದರೆ ಬಣ್ಣ ನೋಡಿ ನಂಬಲೇಬೇಡಿ. 470 ಓಮಿಗೆ ಹಳದಿ, ನೇರಳೆ, ಕಪ್ಪು, ಕಪ್ಪು, ಕಂದು. 4.7 ಕೆಗೆ ಹಳದಿ, ನೇರಳೆ, ಕಪ್ಪು, ಕಂದು, ಕಂದು. ನಾಲ್ಕನೇ ಪಟ್ಟಿ ಮಾತ್ರ ಬೇರೆ. ನೀಲಿ ಬಣ್ಣದ ಮೇಲೆ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಪ್ಪೂ ಕಂದೂ ಒಂದೇ ಥರ ಕಾಣುತ್ತವೆ. ಆಫ್ ಮಾಡಿ, ಕೆಪಾಸಿಟರ್ ಖಾಲಿಯಾದ ಮೇಲೆ 12ಎಯು7ನ 3ನೇ ಪಿನ್ನಿನಿಂದ ಗ್ರೌಂಡಿಗೆ, ಆಮೇಲೆ 8ನೇ ಪಿನ್ನಿನಿಂದ ಗ್ರೌಂಡಿಗೆ ಓಮ್ಸ್ ಅಳೆಯಿರಿ. ಆ ಎರಡು ಪಿನ್ನುಗಳು ಕ್ಯಾಥೋಡ್. ವಾಲ್ವ್ ತಣ್ಣಗಿದ್ದಾಗ ಅಲ್ಲಿ ರೆಸಿಸ್ಟರ್ ಬಿಟ್ಟು ಬೇರೇನೂ ಕಾಣುವುದಿಲ್ಲ, ಹಾಗಾಗಿ ಬಿಚ್ಚದೆಯೇ ಸರಿಯಾದ ಓದು ಸಿಗುತ್ತದೆ.

ಖಾಲಿಯಾಗುವುದರ ವಿಷಯ. ನಿಮ್ಮ ಸಪ್ಲೈನಲ್ಲಿ ಒಟ್ಟು 660 ಎಂಎಫ್‌ಡಿ ಇದೆ, ಅದನ್ನು ಖಾಲಿ ಮಾಡುವ ಬ್ಲೀಡರ್ ರೆಸಿಸ್ಟರ್ ಬರೆದಿಲ್ಲ. ವಾಲ್ವ್ ತಣ್ಣಗಿರುವಾಗ ಆನ್ ಮಾಡಿ ತಕ್ಷಣ ಆಫ್ ಮಾಡಿದರೆ 200 ವೋಲ್ಟಿಗಿಂತ ಹೆಚ್ಚು ಹಾಗೇ ಕೂತಿರುತ್ತದೆ, ಎಳೆದುಕೊಳ್ಳುವವರು ಯಾರೂ ಇಲ್ಲ. ಇದು ಪ್ರಾಣ ತೆಗೆಯುವಷ್ಟು. ಕೊನೆಯ ಕೆಪಾಸಿಟರಿಗೆ ಅಡ್ಡವಾಗಿ 47 ಕೆ 2 ವ್ಯಾಟ್ ಹಾಕಿ. ಆಮೇಲೂ ಮೂರು ನಿಮಿಷ ಕಾದು, ಮೀಟರಿನಲ್ಲಿ 5 ವೋಲ್ಟಿಗಿಂತ ಕೆಳಗೆ ಬಂದಿದೆ ಎಂದು ನೋಡಿಯೇ ಕೈ ಹಾಕಿ.

ಇನ್ನೊಂದು: ಹಮ್ ಹುಡುಕುವಾಗ 12ಎಯು7 ಕಿತ್ತು ನೋಡೋಣ ಎಂದು ಅನ್ನಿಸುತ್ತದೆ. ಬೇರೆ ಆಂಪ್‌ಗಳಲ್ಲಿ ಅದು ಒಳ್ಳೆಯ ಪರೀಕ್ಷೆ. ಇದರಲ್ಲಿ ಮಾಡಬೇಡಿ. 12ಎಯು7 ಇಲ್ಲದಿದ್ದರೆ 6080 ಗ್ರಿಡ್ ನೇರ ಬಿ ಪ್ಲಸ್ ಕಡೆಗೆ ಏರಿ, ಎರಡೂ ಸಿಮೆಂಟ್ ರೆಸಿಸ್ಟರ್ ಏಳೆಂಟು ವ್ಯಾಟ್ ಸುಡುತ್ತವೆ.

ಹಳೇರೇಡಿಯೊ:

ಲೆಕ್ಕ ಸರಿಯಾಗಿದೆ, ಅದಕ್ಕೆ ಏನೂ ಸೇರಿಸಬೇಕಿಲ್ಲ. ಆದರೆ ಹೆಡ್‌ಫೋನ್ ಹಾಕುವ ಮೊದಲು ಒಂದು ಕೆಲಸ ಆಗಲೇಬೇಕು. ನಿಮ್ಮ ವಿವರಣೆಯಲ್ಲಿ ಔಟ್‌ಪುಟ್ ಕೆಪಾಸಿಟರಿನ ಜಾಕ್ ಕಡೆಯಿಂದ ಗ್ರೌಂಡಿಗೆ ರೆಸಿಸ್ಟರ್ ಇಲ್ಲ.

ಹೆಡ್‌ಫೋನ್ ಹಾಕದೆ ಆಂಪ್ ಬಿಸಿಯಾದಾಗ ಆ 100 ಎಂಎಫ್‌ಡಿಯ ಎರಡೂ ತುದಿ ಕ್ಯಾಥೋಡ್ ವೋಲ್ಟೇಜಿಗೇ ಏರಿರುತ್ತವೆ, ಜಾಕ್ ಕಡೆಗೆ ಇಳಿಯಲು ದಾರಿ ಇಲ್ಲವಲ್ಲ. ಆಗ ಪ್ಲಗ್ ಚುಚ್ಚಿದರೆ ನೂರು ವೋಲ್ಟ್ ಹೆಡ್‌ಫೋನ್ ಕಾಯಿಲ್ ಮೇಲೆ ಬೀಳುತ್ತದೆ. 300 ಓಮಿಗೆ ಮೊದಲ ಕ್ಷಣದಲ್ಲಿ ಮೂರನೇ ಒಂದು ಆಂಪ್. ಕಾಯಿಲ್ ಹೋಗಬಹುದು, ಕಿವಿಗೂ ಕೆಟ್ಟದ್ದು. ಪ್ರತಿ ಚಾನಲ್ಲಿಗೆ 2.2 ಕೆ 1 ವ್ಯಾಟ್ ರೆಸಿಸ್ಟರನ್ನು ಜಾಕಿನ ಟ್ಯಾಗ್ ಮೇಲೇ ಬೆಸುಗೆ ಹಾಕಿ. ಆಮೇಲೆ ಜಾಕ್ ಮೇಲೆ ಡಿಸಿ ಅಳೆಯಿರಿ. ಬಿಸಿಯಾಗಿ ಎರಡು ನಿಮಿಷದೊಳಗೆ ಕೆಲವು ಮಿಲಿವೋಲ್ಟಿಗೆ ಇಳಿಯಬೇಕು. ಇಳಿಯದಿದ್ದರೆ ಆ ಕೆಪಾಸಿಟರ್ ಲೀಕ್ ಆಗುತ್ತಿದೆ, ಬದಲಿಸಿ. ಅಲ್ಲಿಯವರೆಗೆ ಎಚ್‌ಡಿ 600 ದೂರ ಇರಲಿ, ಕೇಳಲೇಬೇಕಿದ್ದರೆ ಹೋದರೂ ಬೇಸರವಾಗದ ಹೆಡ್‌ಫೋನ್ ಬಳಸಿ.

ಕೈಯಲ್ಲಿ ಬೆಸುಗೆ ಇರುವಾಗಲೇ 6080ನ ಗ್ರಿಡ್‌ನಿಂದ ಕ್ಯಾಥೋಡಿಗೆ ಒಂದೊಂದು 1ಎನ್4007 ಹಾಕಿಬಿಡಿ, ಬೆಳ್ಳಿ ಪಟ್ಟಿ ಕ್ಯಾಥೋಡ್ ಪಿನ್ ಕಡೆಗೆ. ಆನ್ ಮಾಡಿದ ಮೊದಲ ಸೆಕೆಂಡುಗಳಲ್ಲಿ 12ಎಯು7 ಇನ್ನೂ ತಣ್ಣಗಿರುತ್ತದೆ, ಗ್ರಿಡ್ 200 ವೋಲ್ಟಿನ ಮೇಲೆ, ಕ್ಯಾಥೋಡ್ ಸೊನ್ನೆಯಲ್ಲಿ. ಅಷ್ಟು ಹತ್ತಿರದ ಗ್ರಿಡ್ಡಿಗೂ ಕ್ಯಾಥೋಡಿಗೂ ಅದು ಒಳ್ಳೆಯದಲ್ಲ. ಡಯೋಡ್ ಇದ್ದರೆ ಎರಡೂ ಜೊತೆಯಾಗಿ 25 ವೋಲ್ಟ್ ಆಸುಪಾಸಿನಲ್ಲಿ ನಿಲ್ಲುತ್ತವೆ. ಬಿಸಿಯಾದ ಮೇಲೆ ಗ್ರಿಡ್ ಕೆಳಗಿಳಿದು ಡಯೋಡ್ ತಾನೇ ಬಂದ್ ಆಗುತ್ತದೆ, ಸದ್ದಿಗೆ ಏನೂ ಆಗದು. 6080 ಪಿನ್ನುಗಳು 6ಎಸ್ಎನ್7ರ ಹಾಗೇ: 1 ಗ್ರಿಡ್, 2 ಪ್ಲೇಟ್, 3 ಕ್ಯಾಥೋಡ್, 4 ಗ್ರಿಡ್, 5 ಪ್ಲೇಟ್, 6 ಕ್ಯಾಥೋಡ್, 7, 8 ಹೀಟರ್.

ಈಗ ಹಮ್. ವಾಲ್ಯೂಮಿಗೆ ಬದಲಾಗದ ಹಮ್ ಎಂದರೆ ಅದು ಪಾಟ್ ದಾಟಿದ ಮೇಲೆ ಸೇರುತ್ತಿದೆ. (ಪಾಟ್ ನಡುವೆ ಇದ್ದಾಗ ಹೆಚ್ಚಾಗಿ ಎರಡು ತುದಿಗಳಲ್ಲಿ ಕಡಿಮೆಯಾಗುತ್ತಿದ್ದರೆ ಗ್ರಿಡ್ ತಂತಿ ಹಿಡಿದುಕೊಳ್ಳುತ್ತಿದೆ ಎಂದರ್ಥ, ಅದು ಬೇರೆ ಕಥೆ.) ಮೊದಲು ತಿಳಿಯಬೇಕಾದದ್ದು ಅದು 50 ಹರ್ಟ್ಜೋ 100 ಹರ್ಟ್ಜೋ ಎಂದು. ಫೋನಿನಲ್ಲಿ ಸ್ಪೆಕ್ಟ್ರಮ್ ತೋರಿಸುವ ಯಾವುದಾದರೂ ಆಪ್ ಹಾಕಿ, ಮೈಕನ್ನು ಹೆಡ್‌ಫೋನ್ ಕಪ್ಪಿಗೆ ಒತ್ತಿ ಹಿಡಿಯಿರಿ. ಬರೀ 50, ಜೊತೆಗೆ ಸ್ವಲ್ಪ 150 ಎಂದರೆ ಹೀಟರ್ ಅಥವಾ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ. 100, 200, 300, 400 ಎಂದು ಸಾಲಾಗಿ ಗೆರೆ ಎದ್ದರೆ ರೆಕ್ಟಿಫೈಯರ್ ಕಡೆಯದು, ಅಂದರೆ ರಿಪಲ್ (ಡಿಸಿಯಲ್ಲಿ ಉಳಿದ ಎಸಿ ಏರಿಳಿತ) ಅಥವಾ ಗ್ರೌಂಡ್ ದಾರಿ.

ನಿಮ್ಮಲ್ಲಿ 50 ಇದ್ದೇ ಇರುತ್ತದೆ, ಏಕೆಂದರೆ ಹೀಟರ್ ವೈಂಡಿಂಗ್ ಎಲ್ಲಿಗೂ ಕಟ್ಟದೆ ತೇಲುತ್ತಿದೆ. ತೇಲುವ ಹೀಟರ್, ಟ್ರಾನ್ಸ್‌ಫಾರ್ಮರ್ ಒಳಗಿನ ಕೆಪಾಸಿಟೆನ್ಸ್ ಮೂಲಕ ಬಂದ ಎಸಿಯನ್ನು ಹೊತ್ತು 12ಎಯು7 ಕ್ಯಾಥೋಡಿಗೆ ಸೋರಿಸುತ್ತದೆ. ಪರಿಹಾರ ಕೆಲವೇ ರೂಪಾಯಿಯದು. ಹೀಟರಿನ ಒಂದೊಂದು ತಂತಿಯಿಂದ 100 ಓಮ್ ಅರ್ಧ ವ್ಯಾಟ್ ರೆಸಿಸ್ಟರ್ ಹಾಕಿ, ಎರಡರ ಇನ್ನೊಂದು ತುದಿ ಸೇರಿಸಿ. ಆ ನಡುಬಿಂದುವನ್ನು ಗ್ರೌಂಡಿಗೆ ಕಟ್ಟಬಹುದು, ಆದರೆ 40 ವೋಲ್ಟ್ ಡಿಸಿ ಮೇಲೆ ಕೂರಿಸಿದರೆ ಇನ್ನೂ ಚೆನ್ನ. ಬಿ ಪ್ಲಸ್‌ನಿಂದ 220 ಕೆ, ಅಲ್ಲಿಂದ ಗ್ರೌಂಡಿಗೆ 68 ಕೆ, 68 ಕೆಗೆ ಅಡ್ಡ 47 ಎಂಎಫ್‌ಡಿ 100 ವೋಲ್ಟ್. ಹೀಟರ್ ಕ್ಯಾಥೋಡಿಗಿಂತ ಪಾಸಿಟಿವ್ ಆದಾಗ ಹೀಟರಿನಿಂದ ಕ್ಯಾಥೋಡಿಗೆ ಎಲೆಕ್ಟ್ರಾನ್ ಹಾರುವುದು ನಿಲ್ಲುತ್ತದೆ. 6080 ಕ್ಯಾಥೋಡ್ 103ರಲ್ಲಿದ್ದರೂ ಚಿಂತೆಯಿಲ್ಲ, ಅದರ ಹೀಟರ್–ಕ್ಯಾಥೋಡ್ ಮಿತಿ 300 ವೋಲ್ಟ್.

12ಎಯು7 ಹೀಟರ್ ವೈರಿಂಗನ್ನೂ ಒಮ್ಮೆ ನೋಡಿ. 6.3 ವೋಲ್ಟಿಗೆ 4 ಮತ್ತು 5ನೇ ಪಿನ್ ಒಟ್ಟಿಗೆ ಒಂದು ಕಡೆ, 9 ಇನ್ನೊಂದು ಕಡೆ. 4–5ರ ನಡುವೆ 6.3 ಕೊಟ್ಟರೆ ಅರ್ಧ ಬಿಸಿಯಲ್ಲೇ ಓಡುತ್ತದೆ.

ಗ್ರಿಡ್‌ಲೀಕ್:

ಇಬ್ಬರಿಗೂ ಧನ್ಯವಾದ ಸರ್. 8ನೇ ಪಿನ್ನಿನಿಂದ ಗ್ರೌಂಡಿಗೆ 4.68 ಕೆ ಬಂತು. 470 ಓಮ್ ಹಾಕಿದೆ. ಈಗ ಬಿ ಪ್ಲಸ್ 175. ಎಡ: ಪ್ಲೇಟ್ 87, ಕ್ಯಾಥೋಡ್ 1.9, 6080 ಕ್ಯಾಥೋಡ್ 106. ಬಲ: 88, 1.9, 109. ಸದ್ದು ಎರಡೂ ಕಡೆ ಸಮ, ಒಡೆಯುವುದಿಲ್ಲ.

ಬ್ಲೀಡರ್, ಜಾಕಿನ 2.2 ಕೆ, ಡಯೋಡ್, ಹೀಟರಿಗೆ 100 ಓಮ್ ಜೋಡಿ ಮತ್ತು 41 ವೋಲ್ಟ್, ಎಲ್ಲ ಆಯಿತು. 12ಎಯು7 ಹೀಟರ್ ಪಿನ್ ಸರಿಯಾಗಿಯೇ ಇದ್ದವು. ಹಮ್ 9ರಿಂದ 5 ಮಿಲಿವೋಲ್ಟಿಗೆ ಇಳಿಯಿತು. ಫೋನಿನಲ್ಲಿ 50ರ ಗೆರೆ ಬಹುತೇಕ ಹೋಗಿದೆ, 100, 200, 300 ಸಾಲು ಹಾಗೇ ಇದೆ. ಕಿವಿಗೆ ಹಮ್ ಅನ್ನುವುದಕ್ಕಿಂತ ಜುಯ್ ಎನ್ನುವ ಚೂಪು ಸದ್ದು. ಹಾಗಾದರೆ ರಿಪಲ್ಲೇ? ಕೆಪಾಸಿಟರುಗಳನ್ನು 470 ಮಾಡಲೇ, ಚೋಕ್ (ಫಿಲ್ಟರ್ ಕಾಯಿಲ್) ಹಾಕಿಸಲೇ?

ಗ್ರೌಂಡ್ ಹೀಗಿದೆ: ದಪ್ಪ ತಾಮ್ರದ ತಂತಿ ಅಲ್ಲ, 7/36 (36 ಗೇಜಿನ ಏಳು ಎಳೆಯ) ಹುಕ್‌ಅಪ್ ತಂತಿಯದೇ ಒಂದು ಸಾಲು. ಒಂದು ತುದಿಯಲ್ಲಿ ಮೊದಲ ಕೆಪಾಸಿಟರ್, ಆಮೇಲೆ ಉಳಿದ ಕೆಪಾಸಿಟರ್, 3 ಕೆಗಳು, 12ಎಯು7 ಕ್ಯಾಥೋಡ್ ರೆಸಿಸ್ಟರುಗಳು, ಇನ್ನೊಂದು ತುದಿಯಲ್ಲಿ ಇನ್‌ಪುಟ್ ಸಾಕೆಟ್. ಬ್ರಿಡ್ಜಿನ ಮೈನಸ್ ಇನ್‌ಪುಟ್ ಸಾಕೆಟ್ ಹತ್ತಿರದ ತುದಿಗೆ ಬಂದಿದೆ, ಟ್ಯಾಗ್ ಸ್ಟ್ರಿಪ್ ಅಲ್ಲಿದ್ದ ಕಾರಣ.

ಬೆಸುಗೆಕಡ್ಡಿ:

ಕೊನೆಯ ವಾಕ್ಯದಲ್ಲಿ ನಿಮ್ಮ ಜುಯ್ ಸಿಕ್ಕಿತು. ಕೆಪಾಸಿಟರಿಗೂ ಚೋಕಿಗೂ ದುಡ್ಡು ಹಾಕುವ ಮೊದಲು ಒಂದು ತಂತಿ ಜಾಗ ಬದಲಿಸಿ.

ಬ್ರಿಡ್ಜಿನಿಂದ ಮೊದಲ ಕೆಪಾಸಿಟರಿಗೆ ಹೋಗುವ ಕರೆಂಟ್ 80 ಮಿಲಿಆಂಪ್ ಸಮವಾಗಿ ಹರಿಯುವುದಿಲ್ಲ. ಎಸಿ ತುತ್ತತುದಿಗೆ ಬಂದಾಗ ಮಾತ್ರ, ಸೆಕೆಂಡಿಗೆ ನೂರು ಸಲ, ಅರ್ಧ ಆಂಪಿಗಿಂತ ಹೆಚ್ಚಿನ ಮೊನಚಾದ ಪಲ್ಸ್ ಆಗಿ ಹರಿಯುತ್ತದೆ. ನೀವು ಕಟ್ಟಿರುವ ರೀತಿಯಲ್ಲಿ ಆ ಪಲ್ಸ್ ವಾಪಸ್ ಹೋಗುವುದು ಇಡೀ ಗ್ರೌಂಡ್ ಸಾಲಿನ ಉದ್ದಕ್ಕೂ, ಇನ್‌ಪುಟ್ ಮತ್ತು 12ಎಯು7 ಕ್ಯಾಥೋಡ್ ರೆಸಿಸ್ಟರಿನ ನಡುವಿನಿಂದ. 7/36 ತಂತಿ ಮೀಟರಿಗೆ 80 ಮಿಲಿಓಮ್ ಚಿಲ್ಲರೆ. 15 ಸೆಂಟಿಮೀಟರಿಗೆ 12 ಮಿಲಿಓಮ್, ಅದರ ಮೇಲೆ 0.6 ಆಂಪ್ ಪಲ್ಸ್ ಎಂದರೆ 7 ಮಿಲಿವೋಲ್ಟ್ ಮುಳ್ಳು. ಅದರಲ್ಲಿ ಒಂದು ಪಾಲು 12ಎಯು7 ಗ್ರಿಡ್ಡಿಗೂ ಕ್ಯಾಥೋಡ್ ಗ್ರೌಂಡಿಗೂ ನಡುವೆ ಬಂದರೆ ಸಾಕು, ಅದು ಸಿಗ್ನಲ್ ಆಗಿಬಿಟ್ಟಿತು, ಗೇನ್ ಸಮೇತ ಹೊರಬರುತ್ತದೆ. ಮೊನಚಾದ ಆಕಾರದಿಂದಾಗಿಯೇ 200, 300, 400 ಎಲ್ಲ ಕಾಣುತ್ತಿವೆ. ರಿಪಲ್ ಮಾತ್ರ ಆಗಿದ್ದರೆ ಎರಡು ಫಿಲ್ಟರ್ ದಾಟಿದ ಮೇಲೆ ಹೆಚ್ಚು ಕಡಿಮೆ ಬರೀ 100 ಉಳಿಯುತ್ತದೆ, ಕಿವಿಗೆ ಮೆತ್ತಗೆ ಕೇಳುತ್ತದೆ.

ಹೀಗೆ ಮಾಡಿ. ಬ್ರಿಡ್ಜ್ ಮೈನಸ್‌ನಿಂದ ಮೊದಲ ಕೆಪಾಸಿಟರಿನ ಮೈನಸ್ ಕಾಲಿಗೇ ನೇರ, ಗಿಡ್ಡ ತಂತಿ. ಆ ತುಂಡಿಗೆ ಬೇರೆ ಯಾವುದನ್ನೂ ಕಟ್ಟಬೇಡಿ. ಕೆಪಾಸಿಟರಿನ ಕಾಲಿನಿಂದ ಬೇರೆ ತಂತಿಯಲ್ಲಿ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ. ಮೂರನೇ ಕೆಪಾಸಿಟರಿನ ಮೈನಸ್ ನಿಮ್ಮ ನಿಜವಾದ ಗ್ರೌಂಡ್. 3 ಕೆ ರೆಸಿಸ್ಟರುಗಳು, ಜಾಕಿನ ಸ್ಲೀವ್ ಅಲ್ಲಿಗೆ. 12ಎಯು7 ಕ್ಯಾಥೋಡ್ ರೆಸಿಸ್ಟರ್, ಪಾಟಿನ ಗ್ರೌಂಡ್ ಕಾಲು ಎರಡನ್ನೂ ಒಂದು ಕಡೆ ಸೇರಿಸಿ, ಅಲ್ಲಿಂದ ಒಂದೇ ತಂತಿಯಲ್ಲಿ ಆ ಬಿಂದುವಿಗೆ. ಚಾಸಿಗೆ ಒಂದೇ ಒಂದು ಕಡೆ ಕಟ್ಟಿ. ಇನ್‌ಪುಟ್ ಸಾಕೆಟ್ ಮತ್ತು ಹೆಡ್‌ಫೋನ್ ಜಾಕಿನ ಲೋಹದ ಕುತ್ತಿಗೆ ಚಾಸಿಗೆ ತಾಗಬಾರದು. ತಾಗುತ್ತಿದ್ದರೆ ಫೈಬರ್ ವಾಷರ್ ಹಾಕಿ, ಇಲ್ಲವೇ ಪ್ಲಾಸ್ಟಿಕ್ ಮೈಯ ಜಾಕ್ ತನ್ನಿ. ಈ ಎರಡನೇ ಸಂಪರ್ಕವನ್ನು ಬಹಳ ಜನ ಗಮನಿಸುವುದಿಲ್ಲ, ಗ್ರೌಂಡ್ ಎಷ್ಟು ಚೆಂದ ಕಟ್ಟಿದರೂ ಅದು ಅಲ್ಲೇ ಕೆಡುತ್ತದೆ.

ಮೇನ್ಸ್ ಅರ್ಥ್ ತಂತಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. "ಅರ್ಥ್ ತೆಗೆದರೆ ಹಮ್ ಹೋಗುತ್ತೆ" ಎಂದು ಹೇಳುವವರು ಸಿಗುತ್ತಾರೆ. ಟ್ರಾನ್ಸ್‌ಫಾರ್ಮರ್ ಇನ್ಸುಲೇಷನ್ ಹೋದ ದಿನ ಚಾಸಿಗೆ 230 ವೋಲ್ಟ್ ಬಂದು, ಅದು ಹೆಡ್‌ಫೋನ್ ತಂತಿಯ ಮೂಲಕ ತಲೆಯವರೆಗೆ ಬರುತ್ತದೆ. ಕಂಪ್ಯೂಟರಿಗೆ ಕಟ್ಟಿದಾಗ ಮಾತ್ರ ಹಮ್ ಬಂದರೆ, ಸಿಗ್ನಲ್ ಗ್ರೌಂಡ್ ಮತ್ತು ಚಾಸಿ ನಡುವೆ 10 ಓಮ್ 5 ವ್ಯಾಟ್ ಹಾಕಿ, ಅದಕ್ಕೆ ಅಡ್ಡ 35 ಆಂಪ್ ಬ್ರಿಡ್ಜ್ ರೆಕ್ಟಿಫೈಯರ್ ಒಂದನ್ನು ಕಟ್ಟಿ: ಪ್ಲಸ್ ಮೈನಸ್ ಕಾಲು ಒಟ್ಟಿಗೆ ಸೇರಿಸಿ, ಎಸಿ ಕಾಲುಗಳಲ್ಲಿ ಒಂದು ಸಿಗ್ನಲ್ ಗ್ರೌಂಡಿಗೆ, ಒಂದು ಚಾಸಿಗೆ. ಚಾಸಿ ಮಾತ್ರ ಅರ್ಥಿಗೆ ನೇರವಾಗಿಯೇ ಇರಬೇಕು.

ಹೀಟರಿಗೂ 7/36 ಬಳಸಿದ್ದೀರಾ? 6080 ಒಂದೇ 2.5 ಆಂಪ್ ಎಳೆಯುತ್ತದೆ, 12ಎಯು7ದು 0.3. ಅರ್ಧ ಮೀಟರ್ ಹೋಗಿ ಅರ್ಧ ಮೀಟರ್ ಬರುವಷ್ಟರಲ್ಲೇ ಕಾಲು ವೋಲ್ಟಿಗೆ ಹತ್ತಿರ ಬೀಳುತ್ತದೆ. 23/36 ಜೋಡಿಯನ್ನು ಬಿಗಿಯಾಗಿ ಹೊಸೆದು, ಚಾಸಿಯ ಮೂಲೆಗೆ ಒತ್ತಿ ಒಯ್ಯಿರಿ. ಮೊದಲು 6080ಕ್ಕೆ, ಅಲ್ಲಿಂದ 12ಎಯು7ಗೆ. ವಾಲ್ವ್ ಪಿನ್ ಮೇಲೆ ಅಳೆದಾಗ 6.0 ಮತ್ತು 6.6ರ ನಡುವೆ ಇರಲಿ.

ಗ್ರಿಡ್‌ಲೀಕ್:

ಬ್ರಿಡ್ಜ್ ಮೈನಸ್ ಜಾಗ ಬದಲಿಸಿದೆ, ಹೇಳಿದ ಕ್ರಮದಲ್ಲಿ ಗ್ರೌಂಡ್ ಮತ್ತೆ ಕಟ್ಟಿದೆ. ಜಾಕಿನ ಕುತ್ತಿಗೆ ಚಾಸಿಗೆ ತಾಗುತ್ತಿತ್ತು, ಅದನ್ನೂ ಬಿಡಿಸಿದೆ. ಈಗ 1.2 ಮಿಲಿವೋಲ್ಟ್. ಜುಯ್ ಹೋಯಿತು. ಹಗಲಿನಲ್ಲಿ ಏನೂ ಕೇಳುವುದಿಲ್ಲ, ರಾತ್ರಿ ನಿಶ್ಶಬ್ದದಲ್ಲಿ 100 ಹರ್ಟ್ಜಿನ ಮೆತ್ತನೆ ಹಮ್ ಇನ್ನೂ ಇದೆ. ಇದು ರಿಪಲ್ ತಾನೇ?

ಓಮ್‌ಲೆಕ್ಕ:

ಹೌದು, ಈಗ ಉಳಿದದ್ದು ಶುದ್ಧ ರಿಪಲ್, ಲೆಕ್ಕಕ್ಕೂ ಸರಿಹೊಂದುತ್ತದೆ. 80 ಮಿಲಿಆಂಪ್ ಲೋಡಿಗೆ ಮೊದಲ 220 ಎಂಎಫ್‌ಡಿ ಮೇಲೆ ತುದಿಯಿಂದ ತುದಿಗೆ ಸುಮಾರು 3.5 ವೋಲ್ಟ್ ರಿಪಲ್, ಆರ್‌ಎಂಎಸ್ ಎಂದರೆ 1 ವೋಲ್ಟ್. 100 ಹರ್ಟ್ಜಿನಲ್ಲಿ 220 ಎಂಎಫ್‌ಡಿಯ ಇಂಪೀಡೆನ್ಸ್ 7.2 ಓಮ್, ಹಾಗಾಗಿ 180 ಓಮಿನ ಒಂದೊಂದು ಹಂತ 25 ಪಟ್ಟು ಇಳಿಸುತ್ತದೆ. ಎರಡು ಹಂತಕ್ಕೆ 625. ಬಿ ಪ್ಲಸ್ ಮೇಲೆ 1.6 ಮಿಲಿವೋಲ್ಟ್ ಉಳಿಯುತ್ತದೆ.

ಕ್ಯಾಥೋಡ್ ಫಾಲೋವರ್ ಅಂದ ಮೇಲೆ ಪ್ಲೇಟ್ ಕಡೆಯ ರಿಪಲ್ ಹೊರಗೆ ಬರಬಾರದಲ್ಲ ಎಂದು ಅನ್ನಿಸಬಹುದು. ಮ್ಯೂ (ವರ್ಧನಾಂಕ) 20 ಇರುವ ವಾಲ್ವಿನಲ್ಲಿ ಹಾಗೇ, ಇಪ್ಪತ್ತೊಂದರಲ್ಲಿ ಒಂದು ಪಾಲು ಮಾತ್ರ ಬರುತ್ತದೆ. 6080 ಮತ್ತು ಅದರದೇ ಜಾತಿಯ 6ಎಎಸ್7ಜಿ ಹುಟ್ಟಿದ್ದು ರೆಗ್ಯುಲೇಟೆಡ್ ಪವರ್ ಸಪ್ಲೈನಲ್ಲಿ ಕರೆಂಟ್ ಹೊರಲು, ಅವುಗಳ ಮ್ಯೂ ಬರೀ 2. ಹಾಗಾಗಿ ರಿಪಲ್ಲಿನ ಮೂರನೇ ಒಂದು ಪಾಲು ಸೀದಾ ಕ್ಯಾಥೋಡಿಗೆ ಬರುತ್ತದೆ. ಅದರ ಮೇಲೆ 12ಎಯು7 ಪ್ಲೇಟಿನಿಂದ ಡೈರೆಕ್ಟ್ ಕಪ್ಲಿಂಗಿನಲ್ಲಿ ಇನ್ನಷ್ಟು. ಎರಡೂ ಸೇರಿ ಮಿಲಿವೋಲ್ಟಿನ ಹತ್ತಿರ, ನಿಮ್ಮ ಮೀಟರ್ ಹೇಳಿದ ಹಾಗೆ. ಈ ಸರ್ಕ್ಯೂಟಿನಲ್ಲಿ ಸದ್ದಿನ ಗುಣ ನಿಂತಿರುವುದೇ ಪವರ್ ಸಪ್ಲೈ ಮೇಲೆ. ವಾಲ್ವ್ ಬದಲಿಸಿ ನೋಡುವುದಕ್ಕಿಂತ ಮೊದಲು ಅಲ್ಲಿ ಕೆಲಸ ಮಾಡಬೇಕು.

ನಿಮ್ಮಲ್ಲಿ ಒಟ್ಟು 360 ಓಮ್ ಇದೆಯಲ್ಲ, ಅದನ್ನು ಎರಡರ ಬದಲು ಮೂರು ಭಾಗ ಮಾಡಿ. 120 ಓಮ್ 5 ವ್ಯಾಟ್ ವೈರ್‌ವೌಂಡ್ ಮೂರು, ಜೊತೆಗೆ ಇನ್ನೊಂದು 220 ಎಂಎಫ್‌ಡಿ 350 ವೋಲ್ಟ್. ಒಂದು ಹಂತಕ್ಕೆ 16.6 ಪಟ್ಟು, ಮೂರು ಹಂತಕ್ಕೆ ಸುಮಾರು 4,500. ಬಿ ಪ್ಲಸ್ ಅಷ್ಟೇ ಇರುತ್ತದೆ, ರಿಪಲ್ ಏಳು ಪಟ್ಟು ಇಳಿಯುತ್ತದೆ. ಎಲ್ಲ ಕೆಪಾಸಿಟರ್ 470 ಮಾಡಿದರೂ ಇದಕ್ಕಿಂತ ಒಂದಿಷ್ಟು ಹೆಚ್ಚಿನ ಲಾಭ ಬರುತ್ತದೆ ನಿಜ, ಆದರೆ ಮೊದಲ ಕೆಪಾಸಿಟರ್ ದೊಡ್ಡದಾದಷ್ಟೂ ಆನ್ ಮಾಡಿದಾಗಿನ ಹೊಡೆತ ಹೆಚ್ಚು, ಚಾರ್ಜಿಂಗ್ ಪಲ್ಸ್ ಇನ್ನಷ್ಟು ಮೊನಚು, ಚಾಸಿಯಲ್ಲಿ ಜಾಗವೂ ಬೇಕು. ಒಟ್ಟು 880 ಎಂಎಫ್‌ಡಿ ಆಗುವುದರಿಂದ ಆಫ್ ಮಾಡಿದ ಮೇಲೆ ಕಾಯುವ ಸಮಯವನ್ನು ನಾಲ್ಕು ನಿಮಿಷ ಮಾಡಿಕೊಳ್ಳಿ. 350 ವೋಲ್ಟಿನದೇ ಇರಲಿ: ವಾಲ್ವ್ ಬಿಸಿಯಾಗುವ ಮೊದಲು ಲೋಡ್ ಇಲ್ಲದೆ 225 ವೋಲ್ಟಿಗೆ ಏರುತ್ತದೆ, ಮೇನ್ಸ್ 250 ಇದ್ದ ದಿನ 245. ಅಲ್ಲಿ 250 ವೋಲ್ಟ್ ಕೆಪಾಸಿಟರಿಗೆ ಉಸಿರಾಡಲು ಜಾಗವಿಲ್ಲ.

ಹಳೇರೇಡಿಯೊ:

ಚೋಕಿನ ಪರವಾಗಿ ಒಂದು ಮಾತು. 10 ಹೆನ್ರಿ 100 ಮಿಲಿಆಂಪ್ ಚೋಕ್ 100 ಹರ್ಟ್ಜಿಗೆ 6,000 ಓಮಿಗೂ ಹೆಚ್ಚು ತಡೆ ಕೊಡುತ್ತದೆ, ಡಿಸಿಗೆ ಇನ್ನೂರು ಓಮ್ ಆಸುಪಾಸು. ಎರಡನೇ ರೆಸಿಸ್ಟರ್ ಬದಲು ಅದನ್ನು ಕೂರಿಸಿದರೆ ರಿಪಲ್ ಲೆಕ್ಕಕ್ಕೇ ಸಿಗುವುದಿಲ್ಲ. ಟ್ರಾನ್ಸ್‌ಫಾರ್ಮರ್ ಸುತ್ತುವವರ ಹತ್ತಿರ ಹೇಳಿ ಮಾಡಿಸಬಹುದು. ಗ್ಯಾಪ್ ಬಿಟ್ಟು ಕೋರ್ ಜೋಡಿಸಲು ಮರೆಯದೆ ಹೇಳಿ, ಗ್ಯಾಪ್ ಇಲ್ಲದಿದ್ದರೆ 80 ಮಿಲಿಆಂಪ್ ಡಿಸಿಗೆ ಕೋರ್ ತುಂಬಿ ಇಂಡಕ್ಟೆನ್ಸ್ ಕುಸಿಯುತ್ತದೆ. ಆದರೆ ಇಷ್ಟು ಚಿಕ್ಕ ಚಾಸಿಯಲ್ಲಿ ಚೋಕಿನ ಕಾಂತಕ್ಷೇತ್ರ 12ಎಯು7ಗೆ ಹತ್ತಿರವಾದರೆ ಒಂದು ಹಮ್ ತೆಗೆದು ಇನ್ನೊಂದು ತಂದ ಹಾಗಾಗುತ್ತದೆ. ಮೊದಲು ಮೂರು ಹಂತವನ್ನೇ ಮಾಡಿ ನೋಡಿ.

120 ಓಮ್ ವೈರ್‌ವೌಂಡ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸುಲಭವಾಗಿ ಸಿಗುತ್ತದೆ. 3 ಕೆ 10 ವ್ಯಾಟ್ ಒಂದೇ ತುಂಡಿನಲ್ಲಿ ಸಿಗದವರು 1.5 ಕೆ ಎರಡನ್ನು ಸರಣಿಯಲ್ಲಿ ಹಾಕಬಹುದು, ಬಿಸಿಯೂ ಹಂಚಿಹೋಗುತ್ತದೆ.

ಗ್ರಿಡ್ ಸ್ಟಾಪರ್ ಬಗ್ಗೆ ಯಾರೂ ಹೇಳಲಿಲ್ಲ. 6080ನ 1 ಮತ್ತು 4ನೇ ಪಿನ್ ಮೇಲೇ, ಕಾಲು ಗಿಡ್ಡ ಮಾಡಿ, 470 ಓಮ್ ಸರಣಿಯಲ್ಲಿ ಹಾಕಿ. 12ಎಯು7ನ 2 ಮತ್ತು 7ಕ್ಕೆ 1 ಕೆ. ಡೈರೆಕ್ಟ್ ಕಪ್ಲಿಂಗಿನಲ್ಲಿ ಉದ್ದ ತಂತಿ ಇದ್ದರೆ 6080 ರೇಡಿಯೊ ಫ್ರೀಕ್ವೆನ್ಸಿಯಲ್ಲಿ ಆಸಿಲೇಟ್ ಆಗುವುದುಂಟು. ಕೈ ಹತ್ತಿರ ತಂದಾಗ ಕ್ಯಾಥೋಡ್ ವೋಲ್ಟೇಜ್ ಅಲುಗಾಡಿದರೆ ಅದೇ. ಪಾಟಿನ ವೈಪರ್ ಸಂಪರ್ಕ ಕಳೆದುಕೊಂಡಾಗ ಗ್ರಿಡ್ ತೇಲದಿರಲು ವೈಪರಿನಿಂದ ಗ್ರೌಂಡಿಗೆ 470 ಕೆ ಕೂಡ ಇರಲಿ.

ಗ್ರಿಡ್‌ಲೀಕ್:

ಮೂರು ಹಂತ, ಸ್ಟಾಪರ್, ವೈಪರಿಗೆ 470 ಕೆ, ಎಲ್ಲ ಹಾಕಿದೆ. ಬಿ ಪ್ಲಸ್ 174, ಹಮ್ 0.3 ಮಿಲಿವೋಲ್ಟ್, ರಾತ್ರಿಯೂ ಕೇಳುವುದಿಲ್ಲ. ಕೊನೆಯ ಪ್ರಶ್ನೆ: ಮನೆಯಲ್ಲಿ 32 ಓಮಿನ ಹೆಡ್‌ಫೋನ್ ಕೂಡ ಇದೆ. ಔಟ್‌ಪುಟ್ ಕೆಪಾಸಿಟರ್ 470 ಮಾಡಿದರೆ ಅದಕ್ಕೆ ಸರಿಹೋಗುತ್ತದೆಯೇ?

ಓಮ್‌ಲೆಕ್ಕ:

ಕೆಪಾಸಿಟರ್ ಅಲ್ಲ ಅಡ್ಡಿ. 35 ಮಿಲಿಆಂಪಿನಲ್ಲಿ 6080 ಫಾಲೋವರಿನ ಔಟ್‌ಪುಟ್ ಇಂಪೀಡೆನ್ಸ್ 140 ಓಮ್ ಹತ್ತಿರ. 300 ಓಮ್ ಹೆಡ್‌ಫೋನಿಗೆ ಮೂರನೇ ಎರಡು ಪಾಲು ವೋಲ್ಟೇಜ್ ತಲುಪುತ್ತದೆ, 32 ಓಮಿಗೆ ಐದನೇ ಒಂದು ಪಾಲೂ ಇಲ್ಲ. ಕರೆಂಟ್ ಮಿತಿಯೂ ಇದೆ: ಸಿಗ್ನಲ್ ಇಲ್ಲದಾಗಿನ ಕರೆಂಟ್ 35 ಮಿಲಿಆಂಪ್ ಆದ್ದರಿಂದ 32 ಓಮಿಗೆ ಒಟ್ಟು 20 ಮಿಲಿವ್ಯಾಟ್ ಸಿಗಬಹುದು, 300 ಓಮಿಗೆ ಅದರ ಐದಾರು ಪಟ್ಟು ಆರಾಮಾಗಿ.

ಇನ್ನೊಂದು, ಡೈನಾಮಿಕ್ ಹೆಡ್‌ಫೋನಿನ ಇಂಪೀಡೆನ್ಸ್ ಎಲ್ಲ ಫ್ರೀಕ್ವೆನ್ಸಿಯಲ್ಲೂ ಒಂದೇ ಇರುವುದಿಲ್ಲ. ಎಚ್‌ಡಿ 600 ನೂರು ಹರ್ಟ್ಜಿನ ಸುತ್ತ 500 ಓಮಿನವರೆಗೆ ಏರುತ್ತದೆ, ನಿಮ್ಮ ಆಂಪಿನಲ್ಲಿ ಅಲ್ಲಿ ಒಂದು ಡಿಬಿ ಚಿಲ್ಲರೆ ಬೇಸ್ ಹೆಚ್ಚು, ಕೇಳಲು ಹಿತವೇ. 32 ಓಮಿನದು ಅದೇ ಜಾಗದಲ್ಲಿ 60 ಆದರೆ ನಾಲ್ಕು ಡಿಬಿ ಉಬ್ಬುತ್ತದೆ, ಬೇಸ್ ಮಸುಕಾಗುತ್ತದೆ. ಕೆಪಾಸಿಟರ್ ದೊಡ್ಡದು ಮಾಡಿದರೆ ಈ ಎರಡರಲ್ಲಿ ಒಂದೂ ಬದಲಾಗದು, ಪ್ಲಗ್ ಹಾಕುವಾಗಿನ ಡಬ್ ಮಾತ್ರ ಜೋರಾಗುತ್ತದೆ. ಈ ಆಂಪನ್ನು 250 ಓಮ್ ಮತ್ತು ಮೇಲಿನವಕ್ಕೇ ಇಟ್ಟುಕೊಳ್ಳಿ. ಬೇಯರ್‌ಡೈನಾಮಿಕ್ ಡಿಟಿ 880ರಂಥವು 32, 250, 600 ಓಮ್ ಎಂದು ಬೇರೆ ಬೇರೆ ಬರುತ್ತವೆ, ಮುಂದೆ ಕೊಳ್ಳುವಾಗ ಡಬ್ಬಿಯ ಮೇಲಿನ ಓಮ್ ನೋಡಿ ಕೊಳ್ಳಿ. 32 ಓಮಿಗೇ ವಾಲ್ವ್ ಬೇಕೆಂದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುವ ಸರ್ಕ್ಯೂಟ್ ಅಥವಾ 12ಎಯು7 ನಂತರ ಮಾಸ್‌ಫೆಟ್ ಫಾಲೋವರ್ ಇರುವ ಹೈಬ್ರಿಡ್ ಬೇರೆಯಾಗಿ ಕಟ್ಟಬೇಕು.